ಧಾನ್ಯದ ಸಾಗಣೆಯೂ ಕಿರು ರೈಲುದಾರಿಯ ಗೂಡ್ಸ್ ರೈಲೂ

ಬೆಳೆಯನ್ನು ಬೆಳೆಯುವ ಕ್ರಮವನ್ನು ಕುರಿತು ಒಕ್ಕಲುತನದ ಪತ್ರಿಕೆಗಳಲ್ಲಿ ಲೇಖನಗಳು ಹೇರಳವಾಗಿ ಬರುತ್ತಿರುವುವು. ಬೆಳೆದ ಧಾನ್ಯವು ಕಣವನ್ನು ಬಿಟ್ಟ ಮೇಲೆ ಉಣ್ಣುವವನ ಮನೆಯನ್ನು ಯಾವ ಬಗೆಯಲ್ಲಿ ಸೇರುವುದೆಂಬ ವಿಚಾರವನ್ನು ಮಾಡುವವರು ಕಡಮೆ. ಆದರೆ ಒಕ್ಕಲಿಗನಿಗೆ ಸಿಕ್ಕುವ ಬೆಲೆಯು ಹೊಲದಲ್ಲಿ ಎಷ್ಟರಮಟ್ಟಿಗೆ ನಿರ್ಣಯವಾಗುವುದೋ, ದಾರಿಯಲ್ಲಿಯೂ ಅಷ್ಟೇ ನಿರ್ಣಯವಾಗುವುದು. ಬರಗಾಲದಲ್ಲಿಯಂತೂ ಜನರ ಪ್ರಾಣವೇ ದಾರಿಯನ್ನು ಅವಲಂಬಿಸಿರುವುದು. ಆದಕಾರಣ ಗ್ರಾಮದ ಯಜಮಾನರೂ ಜಮೀನುದಾರರೂ ತಿಳಿದಿರತಕ್ಕ ಈ ವಿಷಯವನ್ನು, ನಮ್ಮ ಸೀಮೆಯ ಕಿರು ರೈಲುದಾರಿಯ ಉದಾಹರಣೆಯೊಡನೆ ಇಲ್ಲಿ ವಿವರಿಸಲಾಗಿದೆ.

ಹತ್ತಿರದ ಪೇಟೆಗೆ ಬಂಡಿಯೇ ಮೇಲು

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯನ್ನು ತೆಗೆದುಕೊಳ್ಳೋಣ. ಇಂದು ಅದು ನಗರದೊಳಗೆ ಸೇರಿಹೋಗಿದೆ. ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿಂದ ಧಾನ್ಯದ ಮಂಡಿಗಳಿದ್ದ ತರಗುಪೇಟೆಗೆ ಸುಮಾರು ಒಂದೂವರೆ ಹರಿದಾರಿ ದೂರ. ಬೆಳಗಿನ ಜಾವ ನೊಗಕಟ್ಟಿದ ಬಂಡಿಯು ರಾಗಿಯನ್ನು ಇಳಿಸಿ ಅದೇ ದಿನ ಮನೆಗೆ ಹಿಂದಿರುಗಬಹುದಾಗಿತ್ತು. ಆ ಊರಿಗೆ ಸಮೀಪದಲ್ಲಿಯೇ ನಾಯಂಡಹಳ್ಳಿಯಲ್ಲಿ ಮೈಸೂರಿನ ರೈಲುದಾರಿಯು ಹಾದುಹೋಗುವುದು. ಹಾಗಿದ್ದರೂ ಇಷ್ಟು ಹತ್ತಿರದ ಪೇಟೆಗೆ ರೈಲಿನಿಂದ ಪ್ರಯೋಜನವಿಲ್ಲ. ಏಕೆಂದರೆ ಕಣದಲ್ಲಿ ಒಮ್ಮೆ ಬಂಡಿಗೆ ಹೇರಬೇಕು, ನಿಲ್ದಾಣದಲ್ಲಿ ಇಳಿಸಬೇಕು, ವ್ಯಾಗನ್ನಿಗೆ ಏರಿಸಬೇಕು, ಪೇಟೆಯ ನಿಲ್ದಾಣದಲ್ಲಿ ಪುನಃ ಇಳಿಸಬೇಕು, ಅಲ್ಲಿಂದ ಮಂಡಿಗೆ ಇನ್ನೊಮ್ಮೆ ಬಂಡಿ ಹೂಡಬೇಕು. ಮೂಟೆಯನ್ನು ಮುಟ್ಟಿದಷ್ಟು ಸಲವೂ ಹಮಾಲಿಯೂ ಸೋರಿಕೆಯೂ ಕೂಡಿಕೊಳ್ಳುವುವು. ಬಂಡಿಯಲ್ಲಾದರೋ ಹೇರುವುದು ಒಮ್ಮೆ, ಇಳಿಸುವುದು ಒಮ್ಮೆ.

ದೂರವು ಹೆಚ್ಚಿದಂತೆ ಈ ಲೆಕ್ಕವು ತಲೆಕೆಳಗಾಗುವುದು. ಎತ್ತು ತಾನು ಎಳೆಯುವ ದಾರಿಯುದ್ದಕ್ಕೂ ಮೇವು ತಿನ್ನತಕ್ಕ ಪ್ರಾಣಿ. ಒಂದು ಬಂಡಿಯು 8 ಕ್ವಿಂಟಾಲ್ ಹೇರಿಕೊಂಡು ದಿನಕ್ಕೆ 20 ಕಿಲೋಮೀಟರು ನಡೆಯುವುದೆಂದೂ, ಜೋಡಿ ಎತ್ತುಗಳಿಗೆ ದಿನಕ್ಕೆ 12 ಕಿಲೋ ಒಣಮೇವು ಬೇಕೆಂದೂ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ 200 ಕಿಲೋಮೀಟರು ದೂರದ ಚಿತ್ರದುರ್ಗಕ್ಕೆ ಹೋಗಲು 10 ದಿವಸ, ಬರಲು 10 ದಿವಸ. ಇಪ್ಪತ್ತು ದಿವಸಗಳ ಮೇವು 240 ಕಿಲೋ ಆಯಿತು. ಸುಭಿಕ್ಷದ ವರ್ಷದಲ್ಲಿ ಎತ್ತುಗಳು ದಾರಿಯ ಬದಿಯಲ್ಲಿ ಮೇಯುವುವು. ಹುಲ್ಲು ಹುಟ್ಟದ ವರ್ಷದಲ್ಲಿ ಆ ಮೇವನ್ನೂ ಬಂಡಿಯ ಮೇಲೆಯೇ ಹೊರಬೇಕು. ಅಂದರೆ ಹೇರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಎತ್ತಿನ ಹೊಟ್ಟೆಗೇ ಹೋಯಿತು. ಧಾನ್ಯವು ಅತ್ಯಗತ್ಯವಾಗಿ ಬೇಕಾದ ವರ್ಷದಲ್ಲಿಯೇ ಬಂಡಿಯ ಶಕ್ತಿಯು ಕುಗ್ಗುವುದೆಂಬುದನ್ನು ಇದರಿಂದ ತಿಳಿಯಬಹುದು.

ಧಾತು ಈಶ್ವರ ಸಂವತ್ಸರಗಳ ಪಾಠ

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. 1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನವನ್ನು ಪೀಡಿಸಿದ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದರು. ಆ ವೇಳೆಗೆ ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲುದಾರಿಯು ಬಂದಿದ್ದಿತು. 1864ರಲ್ಲಿಯೇ ಅದು ದಂಡಿನ ಪ್ರದೇಶದ ನಿಲ್ದಾಣವನ್ನು ಮುಟ್ಟಿದ್ದಿತು. ಹೊರಗಿನಿಂದ ಧಾನ್ಯವು ರೈಲಿನಲ್ಲಿ ಬೆಂಗಳೂರಿನ ವರೆಗೆ ಬರುತ್ತಿದ್ದಿತು. ಅಲ್ಲಿಂದ ಮುಂದಕ್ಕೆ ಕಂಬಿಯಿರಲಿಲ್ಲ. ಒಳನಾಡಿಗೆ ಒಯ್ಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದುವು. ಉಳಿದವುಗಳಿಗೆ ನೊಗ ಹೊರುವ ತ್ರಾಣವಿರಲಿಲ್ಲ. ಧಾನ್ಯವು ಒಂದು ಕಡೆ, ಹಸಿದವರು ಇನ್ನೊಂದು ಕಡೆ ಎಂಬಂತಾಯಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿದ್ದಿತು.

ಈ ಅನುಭವದ ತರುವಾಯ ಬೆಂಗಳೂರು–ಮೈಸೂರು ದಾರಿಯ ಕೆಲಸವು ಚುರುಕಾಗಿ ಸಾಗಿತು. ಕ್ಷಾಮಪೀಡಿತರಿಗೆ ಕೂಲಿ ದೊರಕಿಸುವ ಕಾಮಗಾರಿಯೂ ಅದರಲ್ಲಿ ಸೇರಿದ್ದಿತು. 1881–82ರಲ್ಲಿ ಈ ಮೀಟರ್ ಗೇಜ್ ದಾರಿಯು ಸಂಚಾರಕ್ಕೆ ತೆರೆಯಲ್ಪಟ್ಟಿತು. ನಾಯಂಡಹಳ್ಳಿಯ ಮೂಲಕ ಹೋಗುವ ದಾರಿಯು ಇದೇ. ಇಂದು ಅದು ಬ್ರಾಡ್ ಗೇಜಿನ ಜೋಡಿ ದಾರಿಯಾಗಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ರೈಲುದಾರಿಯು ಎರಡು ಕಡೆಗೂ ತೆರೆಯುವ ಬಾಗಿಲು. ಹೊರಗೆ ಬೆಲೆ ಹೆಚ್ಚಿದಾಗ ಅದೇ ಕಂಬಿಯ ಮೇಲೆ ಊರಿನ ಧಾನ್ಯವು ಹೊರಗೂ ಹೋಗುವುದು. ಆದುದರಿಂದ ರೈಲು ಬಂದಿತೆಂದು ಹಗೇವನ್ನು ಬರಿದುಮಾಡುವುದು ವಿವೇಕವಲ್ಲ. ಚೆನ್ನಾಗಿ ಒಣಗಿದ ರಾಗಿಯು ಹಗೇವಿನಲ್ಲಿ ಹಲವು ವರ್ಷ ಕೆಡದೆ ನಿಲ್ಲುವುದೆಂಬುದು ನಮ್ಮ ಒಕ್ಕಲಿಗರಿಗೆ ತಿಳಿದ ಮಾತೇ. ಮನೆಯ ಊಟಕ್ಕೂ ಬಿತ್ತನೆಗೂ ಬೇಕಾದುದನ್ನು ಇಟ್ಟುಕೊಂಡು ಮಿಕ್ಕುದನ್ನು ಮಾತ್ರ ಸಾಗಿಸತಕ್ಕದ್ದು.

ಕೋಲಾರದ ಸೀಮೆಯ ಕಿರು ರೈಲುದಾರಿ

ಮುಖ್ಯ ಊರುಗಳನ್ನು ಕೂಡಿಸುವ ದೊಡ್ಡ ದಾರಿಗಳಾದ ಮೇಲೆ, ತಾಲ್ಲೂಕುಗಳ ಒಳಭಾಗಕ್ಕೆ ಕಡಮೆ ವೆಚ್ಚದಲ್ಲಿ ಕಂಬಿ ಹಾಕುವ ಆಲೋಚನೆ ಹುಟ್ಟಿತು. ಇದಕ್ಕೆ ಒಳ್ಳೆಯ ಉದಾಹರಣೆಯು ಕೋಲಾರದ ಸೀಮೆಯ ನ್ಯಾರೋ ಗೇಜ್ ದಾರಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ರೈಲು ಓಡಿತು. 1915ರಲ್ಲಿ ಯಲಹಂಕದ ಕಡೆಯಿಂದ ದೇವನಹಳ್ಳಿ ಮತ್ತು ನಂದಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ದಾರಿಯಾಯಿತು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೂಲಕ ಇವೆರಡೂ ಒಂದನ್ನೊಂದು ಕೂಡಿದುವು.

ಈ ದಾರಿಯಲ್ಲಿ ಎರಡು ಕಂಬಿಗಳ ನಡುವಣ ಅಂತರವು ಎರಡೂವರೆ ಅಡಿ ಮಾತ್ರ. ಮೀಟರ್ ಗೇಜಿನಲ್ಲಿ ಅದು ಮೂರೂಕಾಲು ಅಡಿಗೆ ಸ್ವಲ್ಪ ಹೆಚ್ಚು. ಬ್ರಾಡ್ ಗೇಜಿನಲ್ಲಿ ಐದೂವರೆ ಅಡಿ. ಅಂತರವು ಕಿರಿದಾದರೆ ಕಟ್ಟೆಯೂ ಸೇತುವೆಯೂ ಕಿರಿದಾಗುವುವು. ತಿರುವುಗಳನ್ನು ಬಿಗಿಯಾಗಿ ತಿರುಗಿಸಬಹುದು. ಗುಡ್ಡವನ್ನು ಕಡಿಯುವುದರ ಬದಲು ಸುತ್ತಿ ಹೋಗಬಹುದು. ಹಗುರವಾದ ಕಂಬಿಯೇ ಸಾಕಾಗುವುದು. ಸರಕು ಸ್ವಲ್ಪವಾಗಿರುವ ಸೀಮೆಗೂ ರೈಲು ಬರಲು ಸಾಧ್ಯವಾದುದು ಈ ಮಿತವ್ಯಯದಿಂದ. ಆದರೆ ಅದೇ ಮಿತವ್ಯಯವು ಮುಂದೆ ಅಡ್ಡಿಯೂ ಆಯಿತೆಂಬುದನ್ನು ಕೆಳಗೆ ಕಾಣಬಹುದು.

ಗೂಡ್ಸ್ ರೈಲು ನಡೆಯುವ ಬಗೆ

ಇಂತಹ ದಾರಿಯಲ್ಲಿ ಗೂಡ್ಸ್ ರೈಲಿನ ಕೆಲಸವು ಹೇಗೆ ನಡೆಯುವುದೆಂಬುದನ್ನು ತಿಳಿದರೆ, ಸರಕು ಕಳುಹಿಸುವವನ ಕರ್ತವ್ಯವೇನೆಂಬುದು ತಾನಾಗಿಯೇ ಸ್ಪಷ್ಟವಾಗುವುದು.

ಮೊದಲನೆಯದು ಬೇಡಿಕೆ. ಸರಕು ಕಳುಹಿಸುವವನು ಇಂತಹ ದಿನ, ಇಂತಹ ಊರಿಗೆ, ಇಷ್ಟು ವ್ಯಾಗನ್ನು ಬೇಕೆಂದು ನಿಲ್ದಾಣದಲ್ಲಿ ಮುಂಚಿತವಾಗಿ ಬರೆಸಬೇಕು. ಇದಕ್ಕೆ ಇಂಡೆಂಟ್ ಎಂದು ಹೆಸರು. ವ್ಯಾಗನ್ನುಗಳು ಪ್ರತಿಯೊಂದು ನಿಲ್ದಾಣದಲ್ಲಿಯೂ ಕಾದು ನಿಂತಿರುವುದಿಲ್ಲ. ಬೇಡಿಕೆಗೆ ತಕ್ಕಂತೆ ಬೇರೆ ಕಡೆಯಿಂದ ಬರಿದಾದುವನ್ನು ತರಿಸಬೇಕು. ಸುಗ್ಗಿಯಲ್ಲಿ ಎಲ್ಲರೂ ಒಂದೇ ವಾರದಲ್ಲಿ ಬೇಡಿದರೆ ಕೊರತೆಯಾಗುವುದು ಸಹಜ.

ಎರಡನೆಯದು ಶಂಟಿಂಗ್. ಹಿಂದಿನ ಕಾಲದಲ್ಲಿ ಕಿರು ದಾರಿಗಳ ನಿಲ್ದಾಣದಲ್ಲಿ ಒಂದೊಂದೇ ವ್ಯಾಗನ್ನನ್ನು ಬಿಟ್ಟುಹೋಗುವ ಪದ್ಧತಿಯಿದ್ದಿತು. ಎಂಜಿನ್ನು ರೈಲಿನಿಂದ ಬರಿಯ ವ್ಯಾಗನ್ನನ್ನು ಬಿಡಿಸಿ ಪಕ್ಕದ ಕಂಬಿಗೆ ತಳ್ಳಿ, ತುಂಬಿದುದನ್ನು ಎಳೆದು ಸಾಲಿಗೆ ಕೂಡಿಸಿಕೊಳ್ಳುವುದು. ಹೀಗೆ ಪ್ರತಿಯೊಂದು ಊರಿನಲ್ಲಿಯೂ ಕಾಲವು ವ್ಯಯವಾಗುತ್ತಿದ್ದುದರಿಂದಲೇ ಗೂಡ್ಸ್ ರೈಲು ನಿಧಾನವೆಂದು ಹೆಸರಾಯಿತು. ಅದು ಓಡುವಾಗ ನಿಧಾನವಲ್ಲ, ನಿಲ್ಲುವುದೇ ಹೆಚ್ಚು.

ಮೂರನೆಯದು ದಾರಿಯ ಅಪ್ಪಣೆ. ಒಂಟಿ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಒಂದೇ ರೈಲು ಇರತಕ್ಕದ್ದು. ಮುಂದಿನ ನಿಲ್ದಾಣದವರು ದಾರಿಯು ಬಿಡುವಾಗಿದೆಯೆಂದು ತಿಳಿಸಿದ ಮೇಲೆ, ಲೈನ್ ಕ್ಲಿಯರ್ ಚೀಟಿಯನ್ನಾಗಲಿ ಟೋಕನ್ನನ್ನಾಗಲಿ ಡ್ರೈವರನ ಕೈಗೆ ಕೊಡುವ ಪದ್ಧತಿಯು ಹಿಂದಿನಿಂದ ಬಂದುದು. ಅದಿಲ್ಲದೆ ಅವನು ಹೊರಡಲಾರನು. ಎದುರು ಬರುವ ರೈಲಿಗೆ ದಾರಿ ಬಿಡಲು ನಿಲ್ದಾಣದಲ್ಲಿ ಪಕ್ಕದ ಕಂಬಿಯಿರುವುದು; ಸಾಮಾನ್ಯವಾಗಿ ಜನರ ರೈಲಿಗೆ ದಾರಿ ಬಿಟ್ಟು ಕಾಯುವುದು ಗೂಡ್ಸ್ ರೈಲೇ.

ನಾಲ್ಕನೆಯದು ಏರು. ಸಮನಾದ ಕಂಬಿಯ ಮೇಲೆ ಒಂದು ಟನ್ ಭಾರವನ್ನು ನಡೆಸಲು ಮೂರರಿಂದ ಐದು ಕಿಲೋ ತೂಕದಷ್ಟು ಎಳೆತವು ಸಾಕು. ಅದೇ ಭಾರಕ್ಕೆ ಮಣ್ಣಿನ ರಸ್ತೆಯಲ್ಲಿ ಇದಕ್ಕಿಂತ ಹಲವು ಪಟ್ಟು ಬೇಕು. ರೈಲಿನ ಶಕ್ತಿಯ ಗುಟ್ಟು ಇಷ್ಟೇ. ಆದರೆ ನೂರು ಅಡಿಗೆ ಒಂದು ಅಡಿ ಏರಿದರೂ ಪ್ರತಿ ಟನ್ನಿಗೆ ಇನ್ನೂ 10 ಕಿಲೋ ಎಳೆತವು ಹೆಚ್ಚಾಗಿ ಬೇಕಾಗುವುದು. ಬಂಡಿಯ ಎತ್ತಿಗೆ ಗೊತ್ತಾಗದಷ್ಟು ಸಣ್ಣ ಏರು ಎಂಜಿನ್ನಿನ ಹೊರೆಯನ್ನು ಮೂರನೆಯ ಒಂದು ಪಾಲಿಗೆ ಇಳಿಸಿಬಿಡಬಲ್ಲುದು. ಆದುದರಿಂದ ಒಂದು ದಾರಿಯಲ್ಲಿ ಎಷ್ಟು ಉದ್ದದ ರೈಲನ್ನು ನಡೆಸಬಹುದೆಂಬುದನ್ನು ಅದರ ಅತಿ ಕಡಿದಾದ ಏರೇ ನಿರ್ಣಯಿಸುವುದು.

ಐದನೆಯದು, ಕಿರು ದಾರಿಗಳಿಗೆ ವಿಶೇಷವಾದ ತೊಂದರೆ, ಮರುಹೇರು. ನ್ಯಾರೋ ಗೇಜಿನ ವ್ಯಾಗನ್ನು ಮೀಟರ್ ಗೇಜಿನ ಮೇಲಾಗಲಿ ಬ್ರಾಡ್ ಗೇಜಿನ ಮೇಲಾಗಲಿ ಓಡಲಾರದು. ಚಿಂತಾಮಣಿಯ ಕಡೆಯಿಂದ ಹೊರಟ ಮೂಟೆಯು ಯಲಹಂಕದಲ್ಲಿ ಮೀಟರ್ ಗೇಜಿನ ವ್ಯಾಗನ್ನಿಗೋ, ಬಂಗಾರಪೇಟೆಯಲ್ಲಿ ಬ್ರಾಡ್ ಗೇಜಿನ ವ್ಯಾಗನ್ನಿಗೋ ಹಮಾಲರ ಬೆನ್ನಿನ ಮೇಲೆ ದಾಟಬೇಕಾಗಿದ್ದಿತು. ಕೊಕ್ಕೆಯಿಂದ ಎಳೆದ ಗೋಣಿಯು ಹರಿಯುವುದು, ಕಾಳು ಚೆಲ್ಲುವುದು, ದಿನಗಳು ಕಳೆಯುವುವು.

ಲಾರಿಯ ಪೈಪೋಟಿ

ಲಾರಿಗಳು ಹೆಚ್ಚಿದ ಮೇಲೆ ಕಿರು ದಾರಿಯ ಸರಕು ಕ್ರಮೇಣ ರಸ್ತೆಗೆ ಇಳಿಯಿತು. ಕಾರಣವು ಮೇಲೆ ಹೇಳಿದ ಹೊಸಕೆರೆಹಳ್ಳಿಯ ಲೆಕ್ಕದಲ್ಲಿಯೇ ಇದೆ. ಲಾರಿಯು ಕಣದ ಬಳಿಗೆ ಬರುವುದು. ಮಂಡಿಯ ಬಾಗಿಲಲ್ಲಿ ಇಳಿಸುವುದು. ಹೇರುವುದು ಒಮ್ಮೆ, ಇಳಿಸುವುದು ಒಮ್ಮೆ. ಐವತ್ತು ಅರವತ್ತು ಕಿಲೋಮೀಟರುಗಳ ಪ್ರಯಾಣಕ್ಕಾಗಿ ನಾಲ್ಕಾರು ಸಲ ಮೂಟೆಯನ್ನು ಮುಟ್ಟಬೇಕಾದ ರೈಲು ಇದರೊಡನೆ ಹೇಗೆ ಸ್ಪರ್ಧಿಸಬಲ್ಲುದು? 1990ರ ದಶಕದಲ್ಲಿ ಈ ದಾರಿಯ ಎರಡು ತುದಿಗಳ ಭಾಗಗಳನ್ನು ಬ್ರಾಡ್ ಗೇಜಿಗೆ ಬದಲಾಯಿಸಿದರು. ನಡುವಣ ಚಿಕ್ಕಬಳ್ಳಾಪುರ–ಕೋಲಾರ ಭಾಗವು ಬಹುಕಾಲ ರೈಲಿಲ್ಲದೆ ಇದ್ದು, 2013ರಲ್ಲಿ ಬ್ರಾಡ್ ಗೇಜಾಗಿ ಪುನಃ ತೆರೆಯಲ್ಪಟ್ಟಿತು. ಇದರಿಂದ ಮರುಹೇರಿನ ತೊಂದರೆಯು ತೀರಿತು. ಇದೇ ದಾರಿಯ ಒಂದು ಚಿಕ್ಕ ನಿಲ್ದಾಣದಿಂದ 2021ರಲ್ಲಿ ಶ್ರೀನಿವಾಸಪುರದ ಸೀಮೆಯ ಮಾವಿನ ಹಣ್ಣನ್ನು ಕಿಸಾನ್ ರೈಲಿನಲ್ಲಿ ದೆಹಲಿಯ ವರೆಗೆ ಕಳುಹಿಸಿದುದುಂಟು. ದೂರವು ಹೆಚ್ಚಾಗಿದ್ದು, ಬೆಳೆಗಾರರ ಸರಕು ಒಂದೆಡೆ ಕೂಡಿದರೆ ಹಳ್ಳಿಯ ನಿಲ್ದಾಣವೂ ಕೆಲಸಕ್ಕೆ ಬರುವುದೆಂಬುದಕ್ಕೆ ಇದು ನಿದರ್ಶನ.

ಈಗಿನ ಕಾಲದ ಲೆಕ್ಕ

ಆದರೆ ಒಂದು ತೊಂದರೆ ತೀರುವುದರೊಳಗೆ ಇನ್ನೊಂದು ಎದುರಾಗಿದೆ. ಊರಿಗೊಂದು ವ್ಯಾಗನ್ನು ಬಿಡುವ ಹಳೆಯ ಪದ್ಧತಿಯನ್ನು 1980ರ ದಶಕದಿಂದೀಚೆಗೆ ಭಾರತೀಯ ರೈಲ್ವೆಯವರು ಬಿಡುತ್ತ ಬಂದಿದ್ದಾರೆ. ಶಂಟಿಂಗಿನಲ್ಲಿ ಕಾಲವ್ಯಯವಾಗದಂತೆ, ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದುಮಾಡುವ ಪೂರ್ಣ ಸಾಲನ್ನೇ ನಡೆಸುತ್ತಾರೆ. ಇದಕ್ಕೆ ರೇಕ್ ಎಂದು ಹೆಸರು. ಮುಚ್ಚಿದ ವ್ಯಾಗನ್ನು ಒಂದಕ್ಕೆ ಸುಮಾರು 60 ಟನ್ನಿನಂತೆ, 42 ವ್ಯಾಗನ್ನುಗಳ ರೇಕಿಗೆ 2,520 ಟನ್ ಆಗುವುದು. ಅಂದರೆ 50 ಕಿಲೋ ಮೂಟೆಗಳು 50,400. ಎಕರೆಗೆ 10 ಕ್ವಿಂಟಾಲ್ ರಾಗಿಯೆಂದು ಹಿಡಿದರೂ ಇದು 2,520 ಎಕರೆಯ ಬೆಳೆ. ಕಿರು ರೇಕ್ ಎಂಬ ಸೌಕರ್ಯವೂ ಉಂಟು. 20 ವ್ಯಾಗನ್ನುಗಳ ಅಂತಹ ರೇಕಿಗೂ 1,200 ಟನ್, ಎಂದರೆ 1,200 ಎಕರೆಯ ಬೆಳೆ ಬೇಕು. ಒಬ್ಬ ಜಮೀನುದಾರನಿಂದಾಗಲಿ ಒಂದು ಹಳ್ಳಿಯಿಂದಾಗಲಿ ಇದು ಆಗತಕ್ಕ ಕೆಲಸವಲ್ಲ.

ಇದರ ಪರಿಣಾಮವೇನೆಂದರೆ, ರೇಕ್ ತುಂಬುವ ಶಕ್ತಿಯುಳ್ಳ ದೊಡ್ಡ ವ್ಯಾಪಾರಿಗೂ ಸರ್ಕಾರದ ಸಂಸ್ಥೆಗಳಿಗೂ ದೂರದ ಪೇಟೆಯು ತೆರೆದಿದೆ. ಹತ್ತು ಮೂಟೆಯ ಒಕ್ಕಲಿಗನಿಗೆ ಹತ್ತಿರದ ದಲ್ಲಾಳಿಯೇ ಗತಿಯಾಗಿದ್ದಾನೆ. ಕಂಬಿಯು ಊರ ಮುಂದೆಯೇ ಹಾದುಹೋಗಬಹುದು. ಅದರ ಲಾಭವು ಊರೊಳಕ್ಕೆ ಬರಬೇಕಾದರೆ ಊರುಗಳು ಕೂಡಬೇಕು. ಸರಕನ್ನು ಒಯ್ಯುವುದು ರೈಲಿನ ಕೆಲಸ. ಸರಕನ್ನು ಒಟ್ಟುಗೂಡಿಸುವುದು ಹಳ್ಳಿಯ ಕೆಲಸ.

ಯಜಮಾನರು ಗಮನಿಸತಕ್ಕ ಅಂಶಗಳು

1. ಮೊದಲು ದೂರವನ್ನು ಲೆಕ್ಕಹಾಕಿರಿ. ಕಣದಿಂದ ಕೊಳ್ಳುವವನ ಉಗ್ರಾಣದ ವರೆಗೆ ಮೂಟೆಯನ್ನು ಎಷ್ಟು ಸಲ ಎತ್ತಿ ಇಳಿಸಬೇಕೆಂಬುದನ್ನು ಎಣಿಸಿ, ಆ ಹಮಾಲಿಯನ್ನೆಲ್ಲ ಬಾಡಿಗೆಗೆ ಸೇರಿಸಿ ನೋಡಬೇಕು. ಹತ್ತಿರದ ಪೇಟೆಗೆ ಲಾರಿಯೇ ಮೇಲೆಂದು ಕಂಡುಬಂದರೆ ರೈಲಿನ ಆಶೆಯನ್ನು ಬಿಡುವುದು ಒಳ್ಳೆಯದು.

2. ನೆರೆಯ ಊರುಗಳವರು ಸಹಕಾರ ಸಂಘದ ಮೂಲಕವಾಗಲಿ ರೈತ ಉತ್ಪಾದಕರ ಸಂಸ್ಥೆಯ ಮೂಲಕವಾಗಲಿ ಧಾನ್ಯವನ್ನು ಒಂದೆಡೆ ಕೂಡಿಸಬೇಕು. ರೇಕಿಗೆ ಸಾಲದಿದ್ದರೂ ಕೂಡಿಸಿದ ಸರಕಿಗೆ ಲಾರಿಯ ಬಾಡಿಗೆಯೂ ಕಡಮೆ. ಬೆಲೆಯ ಮಾತಿಗೂ ಬಲ ಹೆಚ್ಚು.

3. ಒಂದೇ ಬಗೆಯ ಧಾನ್ಯ, ಒಂದೇ ಅಳತೆಯ ಚೀಲ, ಒಂದೇ ತೂಕ ಇರತಕ್ಕದ್ದು. ಒಬ್ಬನ ಕಲ್ಲುಮಣ್ಣಿನ ರಾಗಿಯು ನೂರು ಜನರ ಶುದ್ಧವಾದ ರಾಗಿಯ ಬೆಲೆಯನ್ನು ಇಳಿಸುವುದು.

4. ರಾಗಿಯ ತೇವವು ಶೇಕಡ 12ಕ್ಕೆ ಮೀರಿರಬಾರದು. ಮುಚ್ಚಿದ ವ್ಯಾಗನ್ನಿನಲ್ಲಿ ಹಸಿ ಧಾನ್ಯವು ಕಾವೇರಿ ಮುಗ್ಗುಲಾಗುವುದು. ಕಣದಲ್ಲಿ ಇನ್ನೆರಡು ದಿನದ ಬಿಸಿಲು ಕೊಡುವುದು ದಾರಿಯಲ್ಲಿ ಇಡೀ ಹೇರನ್ನು ಕಳೆದುಕೊಳ್ಳುವುದಕ್ಕಿಂತ ಲೇಸು.

5. ತುಂಬುವುದಕ್ಕೆ ಮೊದಲು ವ್ಯಾಗನ್ನನ್ನು ಪರೀಕ್ಷಿಸಿರಿ. ಹಗಲಿನಲ್ಲಿ ಒಳಗೆ ನಿಂತು ಬಾಗಿಲುಗಳನ್ನು ಮುಚ್ಚಿಸಬೇಕು. ಎಲ್ಲಿ ಬೆಳಕು ಕಾಣುವುದೋ ಅಲ್ಲಿ ಮಳೆನೀರು ಇಳಿಯುವುದು. ಹಿಂದೆ ಗೊಬ್ಬರ, ಸಿಮೆಂಟು, ಉಪ್ಪು ಮುಂತಾದುವನ್ನು ತುಂಬಿದ್ದ ಗುರುತಿದ್ದರೆ ಗುಡಿಸಿ ಶುಚಿಮಾಡಿಸಬೇಕು. ಬಾಗಿಲಿನ ಸಂದಿಗೆ ತಾಗುವಂತೆ ಮೂಟೆಗಳನ್ನು ಒಟ್ಟಬಾರದು.

6. ಕಳುಹಿಸುವವನೇ ತುಂಬಿದ ಸರಕಿನ ಮೂಟೆಗಳನ್ನು ರೈಲ್ವೆಯವರು ಎಣಿಸದಿದ್ದರೆ, ರಸೀದಿಯಲ್ಲಿ ‘ಕಳುಹಿಸಿದವರ ಹೇಳಿಕೆಯ ಪ್ರಕಾರ ಇಷ್ಟು’ ಎಂಬ ಅರ್ಥದ ಮಾತನ್ನು ಬರೆಯುವರು. ಕೊರತೆ ಬಂದಾಗ ಪರಿಹಾರ ಕೇಳುವುದು ಅದರಿಂದ ಕಷ್ಟವಾಗುವುದು. ಆದಕಾರಣ ಎಣಿಕೆಯನ್ನು ಇಬ್ಬರ ಎದುರಿಗೆ ಬರೆದಿಟ್ಟುಕೊಂಡು, ಬಾಗಿಲಿಗೆ ಮೊಹರು ಬಿದ್ದುದನ್ನು ಕಣ್ಣಾರೆ ನೋಡಿಕೊಂಡು ಬರಬೇಕು. ರಸೀದಿಯನ್ನು ಜೋಪಾನವಾಗಿಡಬೇಕು; ಸರಕನ್ನು ಬಿಡಿಸಿಕೊಳ್ಳುವ ಹಕ್ಕು ಅದರಲ್ಲಿದೆ.

7. ವ್ಯಾಗನ್ನುಗಳನ್ನು ತುಂಬಲು ಗೊತ್ತಾದ ಗಂಟೆಗಳು ಮಾತ್ರ ಇರುವುವು. ಮೀರಿದ ಪ್ರತಿ ಗಂಟೆಗೂ ಪ್ರತಿ ವ್ಯಾಗನ್ನಿಗೂ ಡೆಮರೇಜ್ ಎಂಬ ತೆರವು ಬೀಳುವುದು. ಹಮಾಲರೂ ಮೂಟೆಗಳೂ ಸಿದ್ಧವಾದ ಮೇಲೆಯೇ ಇಂಡೆಂಟ್ ಬರೆಸತಕ್ಕದ್ದು. ಗಂಟೆಗಳನ್ನೂ ದರವನ್ನೂ ಆಯಾ ಗೂಡ್ಸ್ ಷೆಡ್ಡಿನಲ್ಲಿ ಮುಂಚಿತವಾಗಿ ವಿಚಾರಿಸಿರಿ.

ಐದನೆಯ ಅಂಶವನ್ನು ಒತ್ತಿ ಹೇಳಲು ಕಾರಣವುಂಟು. ಹಲವು ವರ್ಷಗಳ ಹಿಂದೆ, ತಪಾಸಣೆಯ ಕೆಲಸದ ಮೇಲೆ ಹೋಗಿದ್ದಾಗ, ಒಂದು ನಿಲ್ದಾಣದಲ್ಲಿ ವ್ಯಾಗನ್ನಿನ ಬಾಗಿಲು ತೆರೆಯುವುದನ್ನು ನಾನು ನೋಡುತ್ತಿದ್ದೆನು. ಮೇಲ್ಚಾವಣಿಯಲ್ಲಿ ಬೆರಳು ತೂರುವಷ್ಟು ಬಿರುಕಿದ್ದಿತು. ಅದರ ಕೆಳಗಣ ಮೂಟೆಗಳಲ್ಲಿ ರಾಗಿಯು ಮೊಳೆತು, ಗೋಣಿಯ ಹೊರಕ್ಕೆ ಬಿಳಿಯ ಬೇರು ಬಿಟ್ಟಿದ್ದಿತು. ಸರಕಿನೊಡನೆ ಬಂದಿದ್ದ ವೃದ್ಧ ಒಕ್ಕಲಿಗರೊಬ್ಬರು ಆ ಮೊಳಕೆಯನ್ನು ಕೈಯಲ್ಲಿ ಹಿಡಿದು, “ಸ್ವಾಮಿ, ಹೊಲದಲ್ಲಿ ಬಾರದ ಮಳೆ ಇಲ್ಲಿ ಬಂತು” ಎಂದರು. ತುಂಬುವ ದಿನ ಐದು ನಿಮಿಷ ಕತ್ತಲೆಯಲ್ಲಿ ನಿಂತು ನೋಡಿದ್ದರೆ ಆ ಬಿರುಕು ಕಾಣುತ್ತಿದ್ದಿತು.

ಧಾತು ಈಶ್ವರದ ವರ್ಷಗಳಲ್ಲಿ ಕಂಬಿಯು ಮುಗಿದ ಕಡೆ ಧಾನ್ಯವೂ ನಿಂತುಹೋಯಿತು. ಇಂದು ಕಂಬಿಯು ದೂರದ ವರೆಗೆ ಹಬ್ಬಿದೆ. ಆದರೆ ಕಣದಿಂದ ನಿಲ್ದಾಣಕ್ಕಿರುವ ಆ ಕೊನೆಯ ಎರಡು ಹರಿದಾರಿಯನ್ನು ಯಾವ ಎಂಜಿನ್ನೂ ನಮ್ಮ ಪರವಾಗಿ ದಾಟದು. ಬರುವ ಸುಗ್ಗಿಗೆ ಮೊದಲು ಯಜಮಾನರು ನೆರೆಹೊರೆಯ ನಾಲ್ಕಾರು ಊರಿನವರನ್ನು ಕರೆದು, ಊರಿಗೆ ಎಷ್ಟು ಮೂಟೆ ಮಿಕ್ಕೀತು, ಎಲ್ಲಿ ಕೂಡಿಸಬಹುದು, ಯಾರು ತೂಗಿ ಲೆಕ್ಕವಿಡುವರು ಎಂಬ ಮೂರು ವಿಷಯಗಳನ್ನು ಗೊತ್ತುಮಾಡಿಕೊಳ್ಳುವುದು ಒಳಿತು. ಕೊಯ್ಲಾದ ಮೇಲೆ ಈ ಮಾತು ತೆಗೆದರೆ ಅಷ್ಟು ಹೊತ್ತಿಗೆ ದಲ್ಲಾಳಿಯು ಕಣಕ್ಕೆ ಬಂದು ನಿಂತಿರುವನು.